ಸೆಡೋನಾಕ್ಕೆ ಹೊರಡುವ ಮುನ್ನ

ಚಿ. ಅನಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಪೈಲಟ್ ಲೈಸೆನ್ಸ್ ಸಿಕ್ಕಿತೆಂದು ನಿನ್ನ ಅಮ್ಮ ಬೀದಿಗೆಲ್ಲ ಪೇಡ ಹಂಚಿದ್ದಾಳೆ. ಇಲ್ಲಿಂದ ಬರುವ ಅಣ್ಣಂದಿರನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಅರಿಜೋನಾದ ಫೀನಿಕ್ಸ್‌ನಿಂದ ಸೆಡೋನಾಕ್ಕೆ ಹಾರುತ್ತೀಯಂತೆ. ವಾಯುಪಡೆಯಲ್ಲಿ ನಾನು ಎಂಜಿನ್ ಬಿಚ್ಚಿ ಜೋಡಿಸಿದವನೇ ಹೊರತು ವಿಮಾನ ಹಾರಿಸಿದವನಲ್ಲ. ಆದರೂ ಒಂದು ಮಾತು ಹೇಳದೆ ಇರಲಾರೆ.

1996ರ ಏಪ್ರಿಲ್ 11ರ ಬೆಳಿಗ್ಗೆ ವಯೋಮಿಂಗ್ ರಾಜ್ಯದ ಶೈಯಾನ್‌ನಲ್ಲಿ ಸೆಸ್ನಾ 177ಬಿ ಎಂಬ ಒಂದು ಪುಟ್ಟ ವಿಮಾನ ಟೇಕಾಫ್ ಆದ ಕೂಡಲೇ ಬಿದ್ದುಹೋಯಿತು. ಅದರಲ್ಲಿದ್ದವರು ಏಳು ವರ್ಷದ ಜೆಸ್ಸಿಕಾ ಡುಬ್ರಾಫ್, ಅವಳ ಅಪ್ಪ ಮತ್ತು ತರಬೇತುದಾರ. ಮೂವರೂ ಉಳಿಯಲಿಲ್ಲ. ಅಷ್ಟು ಚಿಕ್ಕ ಹುಡುಗಿ ಅಮೆರಿಕವನ್ನು ಉದ್ದಕ್ಕೂ ಹಾರಿ ದಾಟುತ್ತಾಳೆಂದು ಪತ್ರಿಕೆ, ಟಿವಿಯವರೆಲ್ಲ ಬೆನ್ನುಹತ್ತಿದ್ದರು. ಜನ ಅಪ್ಪನನ್ನು ಶಪಿಸಿದರು, ಲೈಸೆನ್ಸ್ ಇಲ್ಲದ ಮಕ್ಕಳು ದಾಖಲೆಗಾಗಿ ವಿಮಾನ ಹಾರಿಸುವುದನ್ನು ತಡೆಯುವ ಕಾನೂನೂ ಆ ವರ್ಷವೇ ಬಂತು. ತನಿಖಾ ಮಂಡಳಿ ಮಾತ್ರ ಬೆರಳು ತೋರಿಸಿದ್ದು ತರಬೇತುದಾರನ ತೀರ್ಮಾನದ ಕಡೆಗೆ.

ಆ ಬೆಳಗನ್ನು ಸ್ವಲ್ಪ ನೋಡು. ಮಳೆ, ಬಿರುಗಾಳಿ, ಮೇಲೇರಿ ಬರುತ್ತಿರುವ ಗುಡುಗಿನ ಮೋಡ. ಹಿಂದಿನ ದಿನದ ದೀರ್ಘ ಹಾರಾಟದ ಆಯಾಸ. ಮುಂದಿನ ಚಕ್ರಕ್ಕೆ ಕೊಟ್ಟಿದ್ದ ತಡೆಯನ್ನು ತೆಗೆಯದೆಯೇ ಎಂಜಿನ್ ಚಾಲೂ ಮಾಡಿದರು, ಮತ್ತೆ ಆರಿಸಿ ತೆಗೆಸಿದರು. ನಾನು ಆ ನೆಲದ ಮೇಲಿದ್ದಿದ್ದರೆ ಅಷ್ಟಕ್ಕೇ ಹೋಗಬೇಡಿ ಎನ್ನುತ್ತಿದ್ದೆ. ಕೈಗೆ ಅಂಥ ತಪ್ಪು ಬರುವುದು ತಲೆ ಬೇರೆಲ್ಲೋ ಓಡುತ್ತಿರುವಾಗ. ಆಗಷ್ಟೇ ಏರಿದ ಇನ್ನೊಂದು ವಿಮಾನದ ಪೈಲಟ್ ಗಾಳಿಯ ಹೊಡೆತಕ್ಕೆ ವಿಮಾನದ ವೇಗ ಹದಿನೈದು ನಾಟ್‌ನಷ್ಟು (ಗಂಟೆಗೆ ಸುಮಾರು 28 ಕಿ.ಮೀ.) ಏರಿಳಿಯುತ್ತಿದೆ ಎಂದು ತಿಳಿಸಿದ್ದರು. ಆ ಮಾತು ಇವರಿಗೂ ತಲುಪಿತ್ತು. ಆದರೂ ಹೊರಟರು. ಗೊತ್ತುಮಾಡಿಕೊಂಡ ವೇಳಾಪಟ್ಟಿ, ಮಾಧ್ಯಮದವರಿಗೆ ಕೊಟ್ಟ ಮಾತು ಹಿಂದಿನಿಂದ ತಳ್ಳುತ್ತಿದ್ದವು ಎಂದು ವರದಿಯೇ ಬರೆದಿದೆ.

ಲೆಕ್ಕದ ಕಡೆಯೂ ಸೋಲೇ. ವಿಮಾನದ ತೂಕ ಮಿತಿಗಿಂತ 96 ಪೌಂಡ್, ಅಂದರೆ 43 ಕಿಲೊಗೂ ಹೆಚ್ಚು. ಕಡಲ ತೀರದ ಕ್ಯಾಲಿಫೋರ್ನಿಯಾದಲ್ಲಿ ಹಾರಿ ರೂಢಿಯಾದವರಿಗೆ ಶೈಯಾನ್‌ನ ರನ್‌ವೇ ಆರು ಸಾವಿರ ಅಡಿಗಿಂತಲೂ ಎತ್ತರದಲ್ಲಿತ್ತು. ಅಲ್ಲಿನ ತೆಳುಗಾಳಿಯಲ್ಲಿ ಎಂಜಿನ್ ಸೊರಗುತ್ತದೆ, ಪ್ರೊಪೆಲರ್ ಎಳೆಯುವುದು ಕಡಿಮೆ. ಜೊತೆಗೆ ವಿಮಾನ ವಾಲಿ ತಿರುಗಿದಷ್ಟೂ ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವ ವೇಗ ಮೇಲೇರುತ್ತದೆ. 45 ಡಿಗ್ರಿ ವಾಲಿದರೆ ಸುಮಾರು ಶೇ 19ರಷ್ಟು. ನೆಲ ಹತ್ತಿರವಿರುವಾಗ ಸ್ಟಾಲ್ ಆದರೆ ಮೂತಿ ತಗ್ಗಿಸಿ ವೇಗ ಕೂಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಇದು ನಿನಗೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ, ಗೊತ್ತು. ಆ ತರಬೇತುದಾರನಿಗೂ ಗೊತ್ತಿತ್ತು, ಅವನು ಅದನ್ನೇ ಕಲಿಸುತ್ತಿದ್ದವನು.

ಸೆಡೋನಾದ ರನ್‌ವೇ ಇರುವುದು ಸುಮಾರು 4,800 ಅಡಿ ಎತ್ತರದ ಗುಡ್ಡದ ನೆತ್ತಿಯ ಮೇಲೆ. ಅರಿಜೋನಾದ ಬೇಸಿಗೆಯ ಮಧ್ಯಾಹ್ನ ಬಿಸಿಗೆ ಗಾಳಿ ಮತ್ತಷ್ಟು ತೆಳುವಾಗಿ, ಅದು ವಿಮಾನದ ಪಾಲಿಗೆ ಇನ್ನೂ ಎತ್ತರ. ನಿನ್ನ ಸೆಸ್ನಾ 172ಕ್ಕೆ ನಾಲ್ಕು ಸೀಟಿದೆಯೆಂದು ನಾಲ್ವರು ದೊಡ್ಡವರನ್ನೂ ತುಂಬಿದ ಟ್ಯಾಂಕನ್ನೂ ಅದು ಒಟ್ಟಿಗೆ ಹೊರುತ್ತದೆ ಎಂದುಕೊಳ್ಳಬೇಡ. ಹೋಗುವುದಕ್ಕಿಂತ ಮರಳುವ ಟೇಕಾಫೇ ಕಷ್ಟದ್ದು, ಬೆಳಿಗ್ಗೆ ಬೇಗ ಅಲ್ಲಿಂದ ಹೊರಡು.

ನನ್ನ ಅಂಜಿಕೆ ನಿನ್ನ ಕೈಚಳಕದ ಬಗ್ಗೆ ಅಲ್ಲ, ನಿನ್ನ ದಾಕ್ಷಿಣ್ಯದ ಬಗ್ಗೆ. ಮನೆಗೆ ಬಂದವರಿಗೆ ಇಲ್ಲ ಎನ್ನಲು ನಮ್ಮ ವಂಶದಲ್ಲಿ ಯಾರಿಗೂ ಬರುವುದಿಲ್ಲ. ಅಣ್ಣಂದಿರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ, ರಜೆ ಒಂದೇ ದಿನವಿರುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ, ಯಾರೂ ಎದುರಿಗಿಲ್ಲದಾಗ, ಗಾಳಿ ಎಷ್ಟಿದ್ದರೆ ಹೋಗುವುದಿಲ್ಲ, ತೂಕ ಎಷ್ಟಾದರೆ ಒಬ್ಬರನ್ನು ಇಳಿಸುವುದು ಎಂದು ಬರೆದಿಡು. ಅವರಿಗೂ ಅದನ್ನು ಓದಿ ಹೇಳು. ಕಾರಿನಲ್ಲಿ ಹೋದರೆ ಎರಡು ಗಂಟೆಯ ದಾರಿಯಂತೆ, ಬೇಸರವಾದರೆ ಹಾಗೇ ಹೋಗಲಿ. ಮುನಿಸಿಕೊಂಡವರನ್ನು ನನ್ನ ಹತ್ತಿರ ಕಳಿಸು.

ತೂಕ ಹಾಕುವಾಗ ದೊಡ್ಡಣ್ಣ ಹೇಳಿದ ಸಂಖ್ಯೆ ನಂಬಬೇಡ, ಮದುವೆಯಾದ ಮೇಲೆ ಅವನು ಒಮ್ಮೆಯೂ ನಿಜ ಹೇಳಿಲ್ಲ. ನಿನ್ನ ದೊಡ್ಡಮ್ಮ ಕಳಿಸುತ್ತಿರುವ ಚಕ್ಕುಲಿ ಡಬ್ಬವನ್ನೂ ಲೆಕ್ಕಕ್ಕೆ ಸೇರಿಸು, ಇಲ್ಲವೇ ಮನೆಯಲ್ಲೇ ಬಿಟ್ಟು ಹೋಗು.

ಇಂತಿ,
ನಿನ್ನ ದೊಡ್ಡಪ್ಪ