ಸಂಕ ದಾಟಿದ ಮಗಳಿಗೆ

ಕೂಸೇ,

ಭಾನುವಾರ ಫೋನ್ ಇಟ್ಟವಳು ನಾನೇ. ಸಿಗ್ನಲ್ ಹೋಯಿತು ಅಂತ ಅಪ್ಪನ ಹತ್ತಿರ ಸುಳ್ಳು ಹೇಳಿದೆ. ಅವರು ನಂಬಲಿಲ್ಲ ಬಿಡು. ನೀನು ಹೊರಡುವ ಮೊದಲೇ ಇದು ಮುಟ್ಟಲಿ ಅಂತ ಶಿರಸಿಗೆ ಹೋಗುವವರ ಕೈಯಲ್ಲಿ ಸ್ಪೀಡ್ ಪೋಸ್ಟಿಗೆ ಕೊಡುತ್ತಿದ್ದೇನೆ. ಫೋನಿನಲ್ಲಾದರೆ ಮತ್ತೆ ಕೂಗುತ್ತೇನೆ.

ಅವತ್ತು ಏನೇನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ.

ಎರಡು ದಿನದಿಂದ ನೀನು ಕೆಲಸಕ್ಕೆ ಹೊರಟಿರುವ ಜಮ್ಮುವಿನ ಆ ಚಿನಾಬ್ ರೈಲು ಸೇತುವೆಯ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. 'ಬ್ರಿಡ್ಜ್ ನೋಡಿಕೊಳ್ಳುವ ಕೆಲಸ' ಅಂತ ನೀನು ಅಂದಾಗ ನನಗೆ ಕಣ್ಣಿಗೆ ಬಂದದ್ದು ಹೊನ್ನಾವರದ ಶರಾವತಿ ಸೇತುವೆ. ಉದ್ದ ಜಾಸ್ತಿ, ಆದರೆ ಬಗ್ಗಿದರೆ ನೀರು ಕಾಣುತ್ತದೆ. ಇದು ನದಿಯಿಂದ 359 ಮೀಟರ್ ಮೇಲಂತೆ! ಜೋಗವೇ 253 ಮೀಟರ್. ಅಲ್ಲಿ ಕಂಬಿ ಹಿಡಿದು ಕೆಳಗೆ ನೋಡಿದರೇ ನನಗೆ ಕಾಲು ನಡುಗುತ್ತದೆ. ಅದರ ಮೇಲೆ ಇನ್ನೂ 100 ಮೀಟರ್ ನೀನು ನಿಲ್ಲುವ ಜಾಗ.

ಕಟ್ಟಿದ ಕತೆ ಮಾತ್ರ ಚೆನ್ನಾಗಿದೆ. ಅಷ್ಟು ಆಳದ ಕಣಿವೆಯ ನಡುವೆ ಕಂಬ ಎಬ್ಬಿಸುವುದು ಆಗದ ಮಾತು. ಅದಕ್ಕೆ ಎರಡೂ ದಡದಲ್ಲಿ ಗೋಪುರ ನಿಲ್ಲಿಸಿ, ನಡುವೆ ಉಕ್ಕಿನ ಹಗ್ಗ ಎಳೆದು, ಅದರಲ್ಲಿ ಕಮಾನಿನ ತುಂಡುಗಳನ್ನು ಒಂದೊಂದಾಗಿ ತೂಗಿಬಿಟ್ಟರಂತೆ. ಆ ದಡದಿಂದ ಅರ್ಧ, ಈ ದಡದಿಂದ ಅರ್ಧ. 467 ಮೀಟರ್ ಕಮಾನು 2021ರ ಏಪ್ರಿಲ್‌ನಲ್ಲಿ ನಡುವೆ ಬಂದು ಕೂಡಿತು. ರೈಲು ಓಡಲು 2025ರ ಜೂನ್ ಆಯಿತು. ಕಟ್ಟಿಸಿದ್ದು ನಮ್ಮ ಕುಮಟೆಗೆ ರೈಲು ತಂದ ಕೊಂಕಣ ರೈಲ್ವೆಯವರೇ ಅಂತ ಓದಿ ನನಗೆ ಯಾಕೋ ಅರ್ಧ ಧೈರ್ಯ ಬಂತು. ಬುಡವಿಲ್ಲದ ಧೈರ್ಯ, ನಗಬೇಡ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವಿ ಲತಾ ಅವರು 17 ವರ್ಷ ಅದಕ್ಕೆ ದುಡಿದಿದ್ದಾರಲ್ಲ. ಅಗೆದಾಗ ಅಲ್ಲಿ ಸಿಕ್ಕಿದ್ದು ಬಿರುಕು ತುಂಬಿದ ಬಂಡೆ. ಮೊದಲೇ ಬರೆದ ನಕ್ಷೆಗೆ ಅಂಟಿಕೊಳ್ಳದೆ, ಸಿಕ್ಕ ಬಂಡೆಗೆ ತಕ್ಕ ಹಾಗೆ ತಿದ್ದುತ್ತಾ ಹೋದರಂತೆ. ಎಲ್ಲರೂ ಹೊಗಳಿದಾಗ, ಸಾವಿರಾರು ಜನರಲ್ಲಿ ನಾನೂ ಒಬ್ಬಳು ಅಂದರು. ಆ ಸಾವಿರಾರು ಜನರ ಮನೆಯಲ್ಲಿ ಆಯಂದಿರಿಗೆ ರಾತ್ರಿ ನಿದ್ದೆ ಬರುತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ನಾನು ಓದಿದ್ದರಲ್ಲಿ ಎಲ್ಲೂ ಬರೆದಿಲ್ಲ.

ಈಗ ನಮ್ಮ ಹಳ್ಳದ ಮೇಲಿನ ಸಂಕದ ವಿಷಯ. ನೀನು ಎರಡನೇ ಕ್ಲಾಸು. ಆಷಾಢದ ಮಳೆ, ಹಳ್ಳ ಕೆಂಪಾಗಿ ಉಕ್ಕಿತ್ತು. ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರು, ಅಷ್ಟೇ ನಮ್ಮ ಸಂಕ. ನೀನು ನಡುವೆ ನಿಂತು ನೀರು ನೋಡುತ್ತಿದ್ದೆ. ಸುಮ್ನೆ ನಿಂತಿದ್ದೆ, ಹೆದರಿಕೆ ಏನೂ ಇರಲಿಲ್ಲ. ಒಂದು ಕಾಲು ಜಾರಿತು. ನೀಲಿ ಪಟ್ಟಿಯ ಚಪ್ಪಲಿ ಹಳ್ಳಕ್ಕೆ ಬಿತ್ತು. ನೀನು ಬಿದಿರಿಗೆ ಜೋತುಬಿದ್ದೆ. ಅಪ್ಪ ಬಂದು ಎತ್ತುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿತ್ತು.

ಪಾಚಿಗೆ ಜಾರಿದಳು ಅಂತ ಊರಿಗೆಲ್ಲ ಹೇಳಿದೆ. ನೀನೂ ಹಾಗೇ ನಂಬಿದ್ದೀಯ. ಪಾಚಿ ಇರಲಿಲ್ಲ ಕೂಸೇ. ಅಪ್ಪ ಹಿಂದಿನ ದಿನವೇ ಕೆರೆದಿದ್ದರು. ನಾನು ಅಂಗಳದಿಂದ ನಿನ್ನ ಹೆಸರು ಹಿಡಿದು ಕಿರುಚಿದೆ. ನೀನು ತಿರುಗಿದೆ. ಕಾಲು ಜಾರಿದ್ದು ಆಗ.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿದ್ದಾಗ ಕೆಳಗಿಂದ ಯಾರೂ ಮಾತಾಡಿಸಬಾರದು ಅಂತ ಅಪ್ಪ ಪ್ರತಿ ವರ್ಷ ಹೇಳುತ್ತಾರೆ. ಅವನು ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವಾಗ ನಾನೂ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತೇನೆ. ಬೇರೆಯವರ ಮಗನ ವಿಷಯದಲ್ಲಿ ಇದ್ದ ಬುದ್ಧಿ ನನ್ನ ಮಗಳ ವಿಷಯದಲ್ಲಿ ಇರಲಿಲ್ಲ. ಈಗಲೂ ಜೋರು ಮಳೆಯ ರಾತ್ರಿ ಆ ನೀಲಿ ಚಪ್ಪಲಿ ತೇಲಿ ಹೋಗುವುದು ಕಾಣುತ್ತದೆ. ಮರುದಿನ ನೀನು ಬರಿಗಾಲಲ್ಲಿ ಅದೇ ಸಂಕ ದಾಟಿ ಶಾಲೆಗೆ ಹೋದೆ. ನಾನು ಒಂದು ತಿಂಗಳು ಹಳ್ಳದ ಕಡೆ ಹೋಗಲಿಲ್ಲ. ಭಾನುವಾರ ಫೋನಿನಲ್ಲಿ ಆಗಿದ್ದೂ ಅದೇ ಅಲ್ವಾ?

ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೇನೆ. ಆದರೂ ಕೇಳು. ಬೆಲ್ಟ್ ಕಟ್ಟದೆ ಒಂದು ಹೆಜ್ಜೆಯೂ ಇಡಬೇಡ. ಎರಡು ಸಲ ಎಳೆದು ನೋಡು. ಗಾಳಿ ಜೋರಿದ್ದರೆ ಇವತ್ತು ಆಗುವುದಿಲ್ಲ ಅಂತ ಬಾಯಿ ಬಿಟ್ಟು ಹೇಳು. ಹುಡುಗಿ ಹೆದರಿದಳು ಅಂತಾರೆ ಅನ್ನಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಖಾಲಿ ಹೊಟ್ಟೆಗೆ ತಲೆ ತಿರುಗುತ್ತದೆ, ನಿನಗೆ ಅದು ಮೊದಲಿಂದಲೂ ಇದೆ. ಸ್ವೆಟರ್ ಸಾಲುವುದಿಲ್ಲ, ಕೋಟು ತಗೋ. ದುಡ್ಡು ನೋಡಬೇಡ.

ನಿನ್ನೆ ಸೊಸೈಟಿಯಲ್ಲಿ ಯಾರೋ ಮಗಳು ಏನು ಮಾಡುತ್ತಾಳೆ ಅಂತ ಕೇಳಿದರು. ಕೇಳಿದ್ದು ಒಂದು ಮಾತು, ನಾನು ಕಮಾನಿನ ಉದ್ದದಿಂದ ಹಿಡಿದು ಅರ್ಧ ಗಂಟೆ ಹೇಳಿದೆ. ಅಪ್ಪನೇ ಕೈ ಹಿಡಿದು ಎಳೆದುಕೊಂಡು ಬಂದರು.

ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಪಾರ್ಸೆಲ್ ಮಾಡಿದ್ದೇನೆ. ಮುಚ್ಚಳ ಬಿಗಿ ಇದೆ, ನಿಧಾನ ತೆಗೆ.

ದಿನಾ ಫೋನ್ ಮಾಡು. ಸೇತುವೆಯ ಮೇಲಿಂದ ಬೇಡ, ಕೆಳಗೆ ಇಳಿದ ಮೇಲೆ. ನಾನಾಗಿ ಮಾಡುವುದಿಲ್ಲ.

ನಿನ್ನ ಆಯಿ