ಚೆಂಡು ಇಲ್ಲದ ಕಡೆ ನೋಡು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಎಲ್ಲರೂ ಕ್ಷೇಮ.

ನಿನ್ನ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಆರಿಸುವ ರಿಕ್ರೂಟಿಂಗ್ ಆಫೀಸಿನಲ್ಲಿ ಸ್ಟೂಡೆಂಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ ಅಂತ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಅದರಲ್ಲೂ ನಿನ್ನ ಪಾಲಿಗೆ ಬಂದಿರುವುದು ಡಿಫೆನ್ಸಿವ್ ಬ್ಯಾಕ್‌ಗಳ, ಅಂದರೆ ಹಿಂದೆ ನಿಂತು ಕಾಯುವವರ, ಫಿಲ್ಮ್. ನಿನ್ನಮ್ಮ ಫೋನ್ ಮಾಡಿ, "ಹೈಸ್ಕೂಲ್ ಹುಡುಗರ ಆಟದ ವಿಡಿಯೊ ನೋಡೋದೂ ಒಂದು ಕೆಲಸಾನಾ ಅಣ್ಣಾ?" ಅಂತ ಕೇಳಿದಳು. ಕೆಲಸವೇ ಕಣಮ್ಮಾ, ಅದೂ ಜವಾಬ್ದಾರಿಯ ಕೆಲಸ ಅಂದೆ. ಹಾಸನಕ್ಕೆ ಫೋನ್ ಮಾಡಿದಾಗ ಈ ಪತ್ರವನ್ನು ಅಜ್ಜಿಗೂ ಓದಿ ಹೇಳು. ಅವರಿಗಾಗಿ ನಿನಗೆ ಗೊತ್ತಿರುವ ವಿಷಯವನ್ನೂ ಒಂದೆರಡು ಕಡೆ ಬಿಡಿಸಿ ಬರೆದಿದ್ದೇನೆ.

ನಿನಗೆ ಗೊತ್ತಲ್ಲ, ಟೆಕ್ಸಸ್‌ನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾ, ಸಂಜೆ ಹೊತ್ತು ಡಿಫೆನ್ಸ್ ಕೋಚ್‌ಗಳ ಜೊತೆ ಕೂತು ಫಿಲ್ಮ್ ನೋಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ಇಲ್ಲಿ ಶುಕ್ರವಾರ ರಾತ್ರಿ ಅಂದರೆ ಹಬ್ಬ. ಡಲ್ಲಾಸ್ ಪಕ್ಕದ ಆ್ಯಲನ್ ಊರಿನ ಹೈಸ್ಕೂಲಿಗೆ 2012ರಲ್ಲಿ 6 ಕೋಟಿ ಡಾಲರ್ ಖರ್ಚು ಮಾಡಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಅಂಥ ಕಡೆ ಆಡುವ ಹುಡುಗರೆಲ್ಲ ಕಾಲೇಜಿನಲ್ಲಿ ಆಡುವ ಕನಸು ಕಾಣುತ್ತಾರೆ. ಆದರೆ ದೇಶದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು 10 ಲಕ್ಷ. ಅದರಲ್ಲಿ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಕಾಲೇಜುಗಳಿಗೆ ಹೋಗಿ ಆಡುವವರು ನೂರಕ್ಕೆ ಏಳು ಜನ. ಆ ಏಳರಲ್ಲಿ ಒಬ್ಬನ ಹೆಸರು ನಿನ್ನ ಕೈಯಿಂದ ಮುಂದಕ್ಕೆ ಹೋಗಬಹುದು, ಇಲ್ಲವೇ ನಿನ್ನ ಕೈಯಲ್ಲೇ ನಿಂತುಬಿಡಬಹುದು.

ಅಜ್ಜಿಗೆ ಹೀಗೆ ಹೇಳು. ಎದುರು ತಂಡದ ರಿಸೀವರ್ ಓಡಿ ಹೋಗಿ ಚೆಂಡು ಹಿಡಿಯಬೇಕು. ಅದು ಅವನ ಕೈಗೆ ಸಿಗದಂತೆ ಕಾಯುವವನೇ ಡಿಫೆನ್ಸಿವ್ ಬ್ಯಾಕ್. ಮೈದಾನದ ಎರಡು ಅಂಚಿನಲ್ಲಿ ಕಾರ್ನರ್‌ಗಳು, ಎಲ್ಲರಿಗಿಂತ ಹಿಂದೆ ಸೇಫ್ಟಿಗಳು. ಈಗ ಕಾಲೇಜು ತಂಡಗಳು ರಿಸೀವರ್‌ಗಳನ್ನು ಅಗಲಕ್ಕೆ ಹರಡಿ ಆಡಿಸುವುದರಿಂದ ನಿಕಲ್ ಅಂತ ಐದನೆಯವನೂ ಬಹುಪಾಲು ಹೊತ್ತು ಮೈದಾನದಲ್ಲೇ ಇರುತ್ತಾನೆ. ರಿಸೀವರ್‌ಗೆ ತಾನು ಎಲ್ಲಿಗೆ ಹೋಗುತ್ತೇನೆ ಅಂತ ಮೊದಲೇ ಗೊತ್ತು. ಕಾಯುವವನಿಗೆ ಗೊತ್ತಿಲ್ಲ. ಅವನು ಹಿಂದುಹಿಂದಕ್ಕೆ ಓಡುತ್ತಲೇ ಅದನ್ನು ಕಂಡುಹಿಡಿಯಬೇಕು.

ಈಗ ನಿನಗೆ ಹೇಳಬೇಕಾದ ಮಾತು. ಹೈಲೈಟ್ ರೀಲ್ ನೋಡಿ ಯಾವ ಹುಡುಗನ ಬಗ್ಗೆಯೂ ತೀರ್ಮಾನಕ್ಕೆ ಬರಬೇಡ. ಹಡಲ್ ಅನ್ನುವ ವಿಡಿಯೊ ಸೈಟಿನಲ್ಲಿ ಪ್ರತಿ ಹುಡುಗನೂ ಮೂರು ನಿಮಿಷದ ರೀಲ್ ಹಾಕಿರುತ್ತಾನೆ. ಹಿನ್ನೆಲೆಯಲ್ಲಿ ಹಾಡು, ಆಮೇಲೆ ಒಂದರ ಹಿಂದೆ ಒಂದು ಇಂಟರ್‌ಸೆಪ್ಶನ್, ಅಂದರೆ ಎದುರಾಳಿ ಎಸೆದ ಚೆಂಡನ್ನು ಕಸಿಯುವುದು. ಅದು ಅವನೇ ಆರಿಸಿಕೊಂಡ ಹತ್ತಿಪ್ಪತ್ತು ಪ್ಲೇ ಅಷ್ಟೇ (ಚೆಂಡು ಎದ್ದಾಗಿನಿಂದ ಆಟ ನಿಲ್ಲುವವರೆಗೆ ಒಂದು ಪ್ಲೇ). ಉಳಿದ ನೂರಾರು ಪ್ಲೇಗಳಲ್ಲಿ ಏನು ಮಾಡಿದ ಅನ್ನುವುದು ಇಡೀ ಆಟದ ಫಿಲ್ಮ್‌ನಲ್ಲಿದೆ. ಅದನ್ನು ಕೇಳಿ ತರಿಸಿಕೋ. ಅವರು ಸೋತ ಆಟವನ್ನೂ ಕೇಳು.

ಇನ್ನೊಂದು ಸೂಕ್ಷ್ಮ ಇದೆ. ಪಕ್ಕದಿಂದ ತೆಗೆಯುವ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಕಾರ್ನರ್ ಎರಡು ಸೆಕೆಂಡಿಗೆಲ್ಲ ಚೌಕಟ್ಟಿನಿಂದ ಆಚೆ ಹೋಗಿಬಿಡುತ್ತಾನೆ. ಮತ್ತೆ ಕಾಣಿಸುವುದು ಚೆಂಡು ಅವನ ಹತ್ತಿರ ಬಂದಾಗಲೇ. ನಿಜವಾದ ಕೆಲಸ ನಡೆದದ್ದು ನಡುವಿನ ಆ ಹೊತ್ತಿನಲ್ಲಿ, ಅದೇ ನಿನಗೆ ಕಾಣುವುದಿಲ್ಲ. ಅದಕ್ಕೇ ಮೈದಾನದ ತುದಿಯ ಎಂಡ್‌ಜೋನ್ ಹಿಂದಿನಿಂದ ತೆಗೆದ ಫಿಲ್ಮ್ ಇದೆಯಾ ಅಂತ ಕೇಳಬೇಕು. ಹೆಚ್ಚಿನ ಸ್ಕೂಲ್‌ಗಳಲ್ಲಿ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಇಂಟರ್‌ಸೆಪ್ಶನ್ ಲೆಕ್ಕ ನೋಡಿ ಮೋಸ ಹೋಗಬೇಡ. ಕಾರ್ನರ್ ಚೆನ್ನಾಗಿದ್ದರೆ ಎದುರಾಳಿ ಕೋಚ್ ಮೂರನೇ ವಾರಕ್ಕೇ ಅವನ ಕಡೆ ಚೆಂಡು ಎಸೆಯುವುದನ್ನು ನಿಲ್ಲಿಸಿಬಿಡುತ್ತಾನೆ. ನಮ್ಮ ಸ್ಕೂಲಿನಲ್ಲಿ ಅಂಥ ಒಬ್ಬ ಹುಡುಗನಿದ್ದ. ಮಾತು ಕಡಿಮೆ, ಕಾಲು ಚುರುಕು. ಕೊನೆಯ ವರ್ಷ ಅವನ ಹೆಸರಿಗೆ ಇದ್ದದ್ದು ಒಂದೇ ಇಂಟರ್‌ಸೆಪ್ಶನ್. ಬಂದ ಕಾಲೇಜಿನವರೆಲ್ಲ "ಒಂದೇನಾ?" ಅಂದು ಹೊರಟುಹೋದರು. ಒಂದು ಸಣ್ಣ ಕಾಲೇಜಿನ ಕೋಚ್ ಮಾತ್ರ ಕೂತು ಇಡೀ ಆಟಗಳನ್ನು ನೋಡಿದರು. ಆಟಕ್ಕೆ ಎಷ್ಟು ಸಲ ಅವನ ಕಡೆ ಚೆಂಡು ಬಂತು ಅಂತ ಎಣಿಸಿದರು. ಒಂದು ಆಟದಲ್ಲಿ ಒಂದು ಸಲವೂ ಬಂದಿರಲಿಲ್ಲ. ಆ ವಾರವೇ ಸ್ಕಾಲರ್‌ಶಿಪ್ ಕೊಟ್ಟರು.

ಹಾಗಾದರೆ ಫಿಲ್ಮ್‌ನಲ್ಲಿ ಏನು ನೋಡಬೇಕು? ಮೊದಲು ಸೊಂಟ. ಊರಲ್ಲಿ ಕಬಡ್ಡಿ ಆಡುವಾಗ ನಮಗೆ ಹೇಳಿಕೊಟ್ಟಿದ್ದರು, ರೈಡರ್‌ನ ಮುಖ ನೋಡಬೇಡ, ಕೈ ನೋಡಬೇಡ, ಸೊಂಟ ನೋಡು, ಸೊಂಟ ಸುಳ್ಳು ಹೇಳೋದಿಲ್ಲ ಅಂತ. ಕಾರ್ನರ್ ನೋಡಬೇಕಾದದ್ದೂ ರಿಸೀವರ್‌ನ ಸೊಂಟವನ್ನೇ, ನೀನು ನೋಡಬೇಕಾದದ್ದು ಕಾರ್ನರ್‌ನ ಸೊಂಟವನ್ನು.

ಒಂದು ಪ್ಲೇ ತೆಗೆದುಕೋ. ನಿಧಾನಕ್ಕೆ ಓಡಿಸು. ಹುಡುಗ ರಿಸೀವರ್‌ನಿಂದ ಏಳು ಗಜ ದೂರ ನಿಂತಿದ್ದಾನೆ. ಚೆಂಡು ಎದ್ದಿತು, ಅವನು ಹಿಂದಕ್ಕೆ ಹೆಜ್ಜೆ ಹಾಕಿದ. ಮೈ ಬಗ್ಗಿದೆಯಾ? ಭಾರ ಮುಂಗಾಲಿನ ಮೇಲಿದೆಯಾ, ಇಲ್ಲ ಹಿಮ್ಮಡಿಗೆ ಇಳಿದಿದೆಯಾ? ರಿಸೀವರ್ ಹನ್ನೆರಡು ಗಜಕ್ಕೆ ಬಂದು ಗಕ್ಕನೆ ಒಳಗೆ ತಿರುಗಿದ. ಈಗ ಹುಡುಗ ಒಂದು ಕಾಲನ್ನು ನೆಲಕ್ಕೆ ಊರಿ ನೇರ ಮುಂದಕ್ಕೆ ಚಿಮ್ಮಿದನಾ? ಅಥವಾ ಊರುವ ಮೊದಲು ಒಂದು ಸಣ್ಣ ಸುಳ್ಳು ಹೆಜ್ಜೆ ಹಾಕಿದನಾ? ಆ ಹೆಜ್ಜೆ ಅರ್ಧ ಅಡಿಯೂ ಇರುವುದಿಲ್ಲ. ಹೈಸ್ಕೂಲಿನಲ್ಲಿ ಚೆಂಡು ನಿಧಾನಕ್ಕೆ ಬರುವುದರಿಂದ ಅದು ಮುಚ್ಚಿಹೋಗುತ್ತದೆ. ಚೆಂಡು ಎಸೆಯುವ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಎದುರು ಅದೇ ಹೆಜ್ಜೆಯಿಂದ ಟಚ್‌ಡೌನ್, ಅಂದರೆ ಎದುರಾಳಿಗೆ ಅಂಕ, ಆಗುತ್ತದೆ. ರಿಸೀವರ್ ತಿರುಗದೆ ನೇರ ಹಿಂದಕ್ಕೆ ಓಡಿದರೆ ಹುಡುಗ ಸೊಂಟ ತಿರುಗಿಸಿ ಓಡಬೇಕು. ಸೊಂಟ ಬಿಗಿಯಾಗಿದ್ದವನು ಮೊದಲು ನೆಟ್ಟಗೆ ಎದ್ದು ನಿಂತು ಆಮೇಲೆ ತಿರುಗುತ್ತಾನೆ. ಕಾಲಿನ ಕೆಲಸವನ್ನು ಎಷ್ಟೋ ಮಟ್ಟಿಗೆ ತಿದ್ದಬಹುದು, ಬಿಗಿ ಸೊಂಟವನ್ನು ತಿದ್ದುವುದು ತುಂಬಾ ಕಷ್ಟ.

ಚೆಂಡು ಗಾಳಿಯಲ್ಲಿರುವಾಗ ಅವನ ತಲೆ ನೋಡು. ಹಿಂದೆ ಬಿದ್ದ ಹುಡುಗ ಗಾಬರಿಯಲ್ಲಿ ರಿಸೀವರ್‌ನ ಜರ್ಸಿ ಹಿಡಿದು ಎಳೆಯುತ್ತಾನೆ. ಗಾಬರಿ ಇಲ್ಲದವನು ಪಕ್ಕಕ್ಕೆ ಸೇರಿಕೊಂಡು, ತಲೆ ತಿರುಗಿಸಿ ಚೆಂಡನ್ನು ಹುಡುಕುತ್ತಾನೆ. ನನ್ನ ಲೆಕ್ಕದಲ್ಲಿ ಈ ಗಾಬರಿ ಇಲ್ಲದಿರುವುದೇ ದೊಡ್ಡ ಗುಣ. ಟಚ್‌ಡೌನ್ ಬಿಟ್ಟುಕೊಟ್ಟ ಹುಡುಗನ ಮುಂದಿನ ಪ್ಲೇಯನ್ನು ತಪ್ಪದೇ ನೋಡು. ಮೊದಲಿನಷ್ಟೇ ಹತ್ತಿರ ನಿಂತನಾ, ಇಲ್ಲ ಹೆದರಿ ಮೂರು ಗಜ ಹಿಂದೆ ಸರಿದನಾ?

ಸೇಫ್ಟಿಗೆ ಬಂದರೆ ಅವನು ಓಡಿಬರುವ ಕೋನ ಮುಖ್ಯ. ಚೆಂಡು ಹಿಡಿದವನು ತಪ್ಪಿಸಿಕೊಂಡು ಬಂದಾಗ ಎಲ್ಲಿಗೆ ಬಂದು ಸೇರುತ್ತಾನೆ ಅಂತ ಮೊದಲೇ ಅಂದಾಜು ಮಾಡುವವನು ಬೇಕು. ಪ್ಲೇ ಶುರುವಾಗುವ ಮೊದಲು ಕೈ ಮಾಡಿ ಜೊತೆಯವರನ್ನು ಸರಿಯಾದ ಜಾಗಕ್ಕೆ ಕಳಿಸುತ್ತಾನಾ ಅನ್ನುವುದನ್ನೂ ಗುರುತು ಮಾಡಿಕೋ.

ಬೇಸಿಗೆಯ ಸೆವೆನ್-ಆನ್-ಸೆವೆನ್, ಅಂದರೆ ಕಡೆಗೆ ಏಳೇ ಜನರ ಆಟದ ವಿಡಿಯೊಗಳು ರಾಶಿ ರಾಶಿ ಬರುತ್ತವೆ. ನೋಡು, ಬೇಡ ಅನ್ನುವುದಿಲ್ಲ. ಸೊಂಟ, ಕಾಲು ಅಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಅಲ್ಲಿ ಹಿಡಿದು ಕೆಡವುವ ಟ್ಯಾಕಲ್ ಇಲ್ಲ, ಮುಂದಿನ ಸಾಲಿನ ಲೈನ್‌ಮನ್‌ಗಳಿಲ್ಲ. ಮೈ ಮೇಲೆ ಬೀಳುವವನನ್ನು ಕೆಡವುವ ಮನಸ್ಸು ಇದೆಯಾ ಅನ್ನುವುದು ಅಲ್ಲಿ ಗೊತ್ತಾಗುವುದೇ ಇಲ್ಲ.

ವೇಗದ ವಿಷಯ. ಯಾರೋ ಸ್ಟಾಪ್‌ವಾಚ್ ಒತ್ತಿ "40 ಗಜಕ್ಕೆ 4.4" ಅಂದರೆ ನಂಬಬೇಡ. ಕೈಯಲ್ಲಿ ಒತ್ತಿದ ಸಮಯ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಅದಕ್ಕೇ 100 ಮೀಟರ್ ಓಟದಲ್ಲಿ ಕೈಯ ಸಮಯಕ್ಕೆ 0.24 ಸೆಕೆಂಡ್ ಸೇರಿಸಿ ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸುವುದು. ವಸಂತದಲ್ಲಿ ಹುಡುಗ ಟ್ರ್ಯಾಕ್ ಓಡಿದ್ದರೆ ಅಲ್ಲಿನ ಎಲೆಕ್ಟ್ರಾನಿಕ್ ಸಮಯ ಹುಡುಕು. ಎತ್ತರವೂ ಅಷ್ಟೇ, ಪಟ್ಟಿಯಲ್ಲಿ ಆರಡಿ ಅಂತಿದ್ದರೆ ಶೂ ಬಿಚ್ಚಿ ಅಳೆದವರು ಯಾರು ಅಂತ ಕೇಳು. ತೋಳಿನ ಉದ್ದ ಕೇಳು. ಹುಟ್ಟಿದ ದಿನವನ್ನೂ ನೋಡು. ಒಂದೇ ತರಗತಿಯಲ್ಲಿ ಒಬ್ಬನಿಗೆ 17, ಇನ್ನೊಬ್ಬನಿಗೆ 19 ಇರಬಹುದು. ಚಿಕ್ಕವನು ಇನ್ನೂ ಬೆಳೆಯುತ್ತಾನೆ, ಅಲ್ವಾ?

ಸ್ಟಾರ್‌ಗಳ ಬಗ್ಗೆ ನೀನು ಕೇಳಿದ್ದೆ. 247ಸ್ಪೋರ್ಟ್ಸ್, ರೈವಲ್ಸ್ ಸೈಟುಗಳವರು ಹೈಸ್ಕೂಲ್ ಹುಡುಗರಿಗೆ ಐದರವರೆಗೆ ಕೊಡುವ ಸ್ಟಾರ್ ಸುಮ್ನೆ ಕೊಟ್ಟಿದ್ದಲ್ಲ. ಪ್ಯಾಟ್ರಿಕ್ ಸರ್ಟೇನ್ ಹೈಸ್ಕೂಲಿನಲ್ಲೇ ಐದು ಸ್ಟಾರ್, ಅಲಬಾಮಾಕ್ಕೆ ಹೋದ, 2024ರಲ್ಲಿ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಾದ. ಜಾರ್ಜಿಯಾದ ಟ್ರಾವಿಸ್ ಹಂಟರ್ ಹೈಸ್ಕೂಲ್ ಮುಗಿಸಿದ ವರ್ಷ ದೇಶಕ್ಕೇ ಮೊದಲಿಗರ ಸಾಲಿನಲ್ಲಿದ್ದ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ 2024ರಲ್ಲಿ ಅವನಿಗೇ ಬಂತು. ಆದರೆ ಡೆಟ್ರಾಯಿಟ್‌ನ ಸಾಸ್ ಗಾರ್ಡ್ನರ್ ಮೂರು ಸ್ಟಾರ್ ಹುಡುಗ. ತೆಳ್ಳಗೆ, ಉದ್ದಕ್ಕೆ ಇದ್ದ. ಸಿನ್ಸಿನಾಟಿಯಲ್ಲಿ ಮೂರು ವರ್ಷ ಆಡಿ ತಾನು ಕಾದ ರಿಸೀವರ್‌ಗೆ ಒಂದು ಟಚ್‌ಡೌನ್ ಕೂಡ ಬಿಟ್ಟುಕೊಡಲಿಲ್ಲ. ಎನ್‌ಎಫ್‌ಎಲ್ ತಂಡಗಳು ಆಟಗಾರರನ್ನು ಆರಿಸುವ 2022ರ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಹೋದ. ಟೈರನ್ ಮ್ಯಾಥ್ಯೂ ಐದಡಿ ಒಂಬತ್ತು ಇಂಚು. ಕುಳ್ಳ ಅಂತ ಬಿಟ್ಟವರು ಎಷ್ಟೋ ಜನ. 2011ರಲ್ಲಿ ಅವನು ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ ಪರ ಆಡಿ ಹೈಸ್ಮನ್ ಫೈನಲಿಸ್ಟ್ ಆದ.

ಬೇರೆ ಜಾಗದಲ್ಲಿ ಆಡುವ ಹುಡುಗರ ಫಿಲ್ಮ್‌ನಲ್ಲೂ ಡಿಫೆನ್ಸಿವ್ ಬ್ಯಾಕ್ ಸಿಗುತ್ತಾನೆ. ರಿಚರ್ಡ್ ಶರ್ಮನ್ ಸ್ಟ್ಯಾನ್‌ಫರ್ಡ್‌ಗೆ ರಿಸೀವರ್ ಆಗಿ ಬಂದವನು, ಅಲ್ಲೇ ಕಾರ್ನರ್ ಆದ. ಕೂಪರ್ ಡಿಜೀನ್ ಅಯೋವಾದ ಪುಟ್ಟ ಊರಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ, ಜೊತೆಗೆ ಬ್ಯಾಸ್ಕೆಟ್‌ಬಾಲ್. 2025ರ ಫೆಬ್ರವರಿಯಲ್ಲಿ, ತನ್ನ 22ನೇ ಹುಟ್ಟುಹಬ್ಬದ ದಿನವೇ, ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎಸೆದ ಚೆಂಡು ಕಸಿದು 38 ಗಜ ಓಡಿ ಟಚ್‌ಡೌನ್ ಮಾಡಿದ. ಅಂದು ನಾವೆಲ್ಲ ಟಿವಿ ಮುಂದೆ ಎದ್ದು ಕೂಗಿದ್ದೆವು, ನೆನಪಿದೆಯಾ? ಅದಕ್ಕೇ ಹುಡುಗ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ ಅಂತ ತಿಳಿದರೆ ಆ ವಿಡಿಯೊವನ್ನೂ ಹುಡುಕು. ಎದುರಾಳಿಯ ಮುಂದೆ ಪಕ್ಕಕ್ಕೆ ಜಾರುವ ಕಾಲು ಅಲ್ಲಿ ಫುಟ್‌ಬಾಲಿಗಿಂತ ಚೆನ್ನಾಗಿ ಕಾಣುತ್ತದೆ.

ಈಗ ಕಾಲ ಬದಲಾಗಿದೆ. ಆಟಗಾರರು ಕಾಲೇಜು ಬದಲಾಯಿಸಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕೋಚ್‌ಗಳು ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದವನನ್ನೇ ತರುತ್ತಾರೆ. 2025ರ ಜೂನ್‌ನ ಕೋರ್ಟ್ ಒಪ್ಪಂದದಿಂದ 85 ಸ್ಕಾಲರ್‌ಶಿಪ್‌ನ ಹಳೆಯ ಮಿತಿ ಹೋಗಿ, ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೇ 105 ಜನರ ಮಿತಿ ಬಂದಿದೆ. ಮೊದಲಾದರೆ ಸ್ಕಾಲರ್‌ಶಿಪ್ ಇಲ್ಲದೆಯೂ ತಂಡದ ಜೊತೆ ಸೇರಿಕೊಂಡು ಬೆಳೆಯುತ್ತಿದ್ದ ಹುಡುಗರಿಗೆ ಈಗ ಜಾಗ ಕಡಿಮೆ. ಹೈಸ್ಕೂಲ್ ಹುಡುಗನಿಗೆ ಬಾಗಿಲು ಕಿರಿದಾಗಿದೆ. ಹೀಗಿರುವಾಗ ಅವನನ್ನು ಅರ್ಧ ನೋಡಿ ಬಿಡುವುದು ಅನ್ಯಾಯ.

ನಿನ್ನ ವರದಿಯಲ್ಲಿ ಕಂಡದ್ದನ್ನೇ ಬರೆ. "ಅದ್ಭುತ ಆಟಗಾರ" ಅಂತ ಬರೆದರೆ ಕೋಚ್‌ಗೆ ಏನೂ ಸಿಗುವುದಿಲ್ಲ. ಯಾವ ಆಟ, ಎಷ್ಟನೇ ಕ್ವಾರ್ಟರ್, ಏನು ಮಾಡಿದ, ಅಷ್ಟು ಬರೆ. ಅವರು ಅದೇ ಪ್ಲೇ ತೆಗೆದು ನೋಡಿ ನಿನ್ನ ಕಣ್ಣನ್ನು ನಂಬಲು ಶುರು ಮಾಡುತ್ತಾರೆ.

ಅಂಕಪಟ್ಟಿ ಮರೆಯಬೇಡ. ಇದು ಮೇಷ್ಟರ ಮಾತು. ಎನ್‌ಸಿಎಎಯ ಮೇಲಿನ ಮಟ್ಟವಾದ ಡಿವಿಷನ್ ಒಂದರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಕೋರ್ (ಮುಖ್ಯ ವಿಷಯಗಳ) ಕೋರ್ಸ್ ಮುಗಿಸಿರಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ, ಅಂದರೆ ಸರಾಸರಿ ಗ್ರೇಡ್, ಬೇಕು. 16ರಲ್ಲಿ 10 ಕೋರ್ಸ್ ಕೊನೆಯ ವರ್ಷ ಶುರುವಾಗುವ ಮೊದಲೇ ಮುಗಿದಿರಬೇಕು. ಒಳ್ಳೆಯ ಹುಡುಗರು ಇಲ್ಲೇ ಎಡವುತ್ತಾರೆ, ಅದೂ ಯಾರೂ ಹೊತ್ತಿಗೆ ಸರಿಯಾಗಿ ಹೇಳದ ಕಾರಣಕ್ಕೆ. ಹತ್ತನೇ ತರಗತಿಯ ಹುಡುಗನ ಪಟ್ಟಿಯಲ್ಲಿ ಗಣಿತ ಕಮ್ಮಿ ಕಂಡರೆ ನಿಮ್ಮ ಕೋಚ್‌ಗೆ ತಿಳಿಸು, ಅವರು ಸ್ಕೂಲಿನ ಕೌನ್ಸೆಲರ್‌ಗೆ ಹೇಳುತ್ತಾರೆ.

ಹುಡುಗರು ನಿನಗೂ ಮೆಸೇಜ್ ಮಾಡುತ್ತಾರೆ. ಅಪ್ಪ ಅಮ್ಮಂದಿರೂ ಮಾಡುತ್ತಾರೆ. "ಅಕ್ಕಾ, ನನ್ನ ಫಿಲ್ಮ್ ನೋಡಿದ್ರಾ?" ಅನ್ನುವ ಧಾಟಿಯಲ್ಲೇ ಇರುತ್ತದೆ. ಯಾರಿಗೆ ಯಾವಾಗ ಉತ್ತರ ಕೊಡಬಹುದು ಅನ್ನುವುದಕ್ಕೆ ನಿಯಮವಿದೆ. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ರಿಕ್ರೂಟಿಂಗ್ ಮೆಸೇಜ್ ಕಳಿಸುವಂತಿಲ್ಲ. ಆಮೇಲೂ ನಿಯಮ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿನವರನ್ನು ಕೇಳದೆ ಏನೂ ಬರೆಯಬೇಡ. ಆಸೆ ಹುಟ್ಟಿಸುವ ಒಂದು ಪದವೂ ನಿನ್ನಿಂದ ಹೋಗಬಾರದು. ಎದುರಿಗಿರುವುದು ಹದಿನಾರು ವರ್ಷದ ಮಗು. ನಿನ್ನ ಒಂದು "ಸೂಪರ್" ಅನ್ನುವುದನ್ನು ಮನೆಯವರೆಲ್ಲ ಸ್ಕಾಲರ್‌ಶಿಪ್ ಅಂತಲೇ ಓದಿಕೊಳ್ಳುತ್ತಾರೆ. ಬೇಡ ಅಂತ ತೀರ್ಮಾನವಾದರೆ ಹುಡುಗನ ಕೋಚ್‌ಗೆ ಬೇಗ ಹೇಳಿಬಿಡಿ ಅಂತ ನಿಮ್ಮವರನ್ನು ಒತ್ತಾಯಿಸು. ಬೇರೆ ಕಾಲೇಜು ಹುಡುಕಲು ಅವನಿಗೆ ಸಮಯ ಸಿಗಲಿ. ಮಾಲ್ಕಮ್ ಬಟ್ಲರ್ ವೆಸ್ಟ್ ಅಲಬಾಮಾ ಅನ್ನುವ ಡಿವಿಷನ್ ಎರಡರ ಕಾಲೇಜಿನಲ್ಲಿ ಆಡಿದವನು, ಡ್ರಾಫ್ಟ್‌ನಲ್ಲೂ ಯಾರೂ ಆರಿಸಲಿಲ್ಲ. 2015ರ ಸೂಪರ್ ಬೌಲ್ ಕೊನೆಯಲ್ಲಿ ಗೋಲ್ ಲೈನ್ ಹತ್ತಿರ ಚೆಂಡು ಕಸಿದು ಪೇಟ್ರಿಯಟ್ಸ್ ತಂಡಕ್ಕೆ ಗೆಲುವು ಉಳಿಸಿಕೊಟ್ಟವನು ಅವನೇ.

ನೀನು ಹೇಳಿದ ಆ ಮೂವರು ಕಾರ್ನರ್‌ಗಳಲ್ಲಿ ಎಡಗಡೆ ಆಡುವವನ ರೀಲ್ ನಾನೂ ನೋಡಿದೆ. ರೀಲ್ ತುಂಬಾ ಚೆನ್ನಾಗಿದೆ, ಆದರೆ ಒಂದು ಪ್ಲೇಯಲ್ಲೂ ಟ್ಯಾಕಲ್ ಇಲ್ಲ. ಅವರು ಸೋತ ಆಟದ ಎಂಡ್‌ಜೋನ್ ಫಿಲ್ಮ್ ಅವನ ಕೋಚ್ ಹತ್ತಿರ ಕೇಳು. ಎರಡನೇ ಅರ್ಧದಲ್ಲಿ ಓಟದ ಪ್ಲೇಗಳು ಅವನ ಕಡೆ ಬಂದಾಗ ಏನು ಮಾಡುತ್ತಾನೆ ನೋಡಿ ನಿನ್ನ ವರದಿ ಬರೆ. ಆಮೇಲೆ ಭಾನುವಾರ ಊಟಕ್ಕೆ ಬಾ, ಅತ್ತೆ ಬಿಸಿಬೇಳೆಬಾತ್ ಮಾಡುತ್ತಾಳಂತೆ. ನೀನು ಏನು ಕಂಡೆ ಅಂತ ಕೂತು ಮಾತಾಡೋಣ.

ಇಂತಿ,
ನಿನ್ನ ಸೋದರಮಾವ