ಅಪ್ಪನಿಗೆ ಇದನ್ನು ಓದಿ ಹೇಳು

ದೇಗು, ದಕ್ಷಿಣ ಕೊರಿಯಾ

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಜ್ಜಿ, ಚಿಕ್ಕಪ್ಪ, ಪುಟ್ಟಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಓದಿದಾಗಿನಿಂದ ನಿದ್ದೆ ಸರಿಯಿಲ್ಲ. ಅಪ್ಪ ಬಿಪಿ ಮಾತ್ರೆ ಬಿಟ್ಟು ಬರೀ ಬೇರಿನ ಕಷಾಯ ಕುಡಿಯುತ್ತಿದ್ದಾರಂತೆ. ಯಾರನ್ನು ಕೇಳಿ ಬಿಟ್ಟರು? ತಲೆ ಸುತ್ತುತ್ತಿದೆ ಅಂತಲೂ ಬರೆದಿದ್ದೀಯ.

ನಾರುಬೇರಿನ ಮೇಲೆ ನನಗೆ ತಾತ್ಸಾರವಿಲ್ಲ. ನಾನಿರುವ ಊರೇ ಅದಕ್ಕೆ ಹೆಸರುವಾಸಿ. ಇಲ್ಲಿನ ಗಿಡಮೂಲಿಕೆ ಪೇಟೆ ಶುರುವಾದದ್ದು 1658ರಲ್ಲಿ. ಬೀದಿಗೆ ಕಾಲಿಟ್ಟರೆ ಚಕ್ಕೆ, ಜಿನ್‌ಸೆಂಗ್ ಘಮ ಮೂಗಿಗೆ ಬಡಿಯುತ್ತದೆ. ಅಲ್ಲಿ ಔಷಧಿಗೆ ಬರೆಯುವ ಒಂದು ಚೀನೀ ಅಕ್ಷರವಿದೆ, ಇವರು ‘ಯಾಕ್’ ಎನ್ನುತ್ತಾರೆ. ಅಪ್ಪನಿಗೆ ಅಕ್ಷರಗಳ ಹುಚ್ಚು, ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಅಕ್ಷರಕ್ಕೆ 19 ಗೆರೆ! ನೆತ್ತಿಯ ಮೇಲೆ ಹುಲ್ಲಿನ ಗುರುತು. ಕೆಳಗೆ ಸಂಗೀತಕ್ಕೂ ಸಂತೋಷಕ್ಕೂ ಬಳಸುವ ಇನ್ನೊಂದು ಅಕ್ಷರ. ಅದರ ಬುಡದಲ್ಲಿ ಮರದ ಗುರುತು, ಮೇಲೆ ಎರಡು ಕಡೆ ನೂಲಿನ ಎಳೆ. ‘ಕಾಯಿಲೆ ಕಳೆದು ಸಂತೋಷ ಕೊಡುವ ಗಿಡ’ ಅಂತ ಪಕ್ಕದ ಮನೆಯ ಅಜ್ಜ ಅರ್ಥ ಹೇಳಿದರು. ಕೇಳಲು ಚೆಂದ. ಆದರೆ ಸುಮಾರು 1900 ವರ್ಷದ ಹಿಂದೆ ಚೀನಾದ ಶು ಶೆನ್ ಬರೆದ ನಿಘಂಟಿನಲ್ಲಿ ‘ರೋಗ ವಾಸಿಮಾಡುವ ಗಿಡ’ ಎಂದಷ್ಟೇ ಇದೆ. ಕೆಳಗಿನ ಭಾಗ ಇರುವುದು ಉಚ್ಚಾರಣೆಗೆ. ಸಂಗೀತ ಅನ್ನುವಾಗ ಕೊರಿಯನ್ನರು ಅದನ್ನು ‘ಆಕ್’ ಎಂದು ಓದುತ್ತಾರೆ. ಆಕ್, ಯಾಕ್, ಹತ್ತಿರವೇ ಅಲ್ವಾ? ಚೀನಾ, ಜಪಾನಿನಲ್ಲಿ ಇದನ್ನು ಮೊಟಕು ಮಾಡಿಕೊಂಡರು. ಇವರು ಹಳೇ ರೂಪವನ್ನೇ ಇಟ್ಟುಕೊಂಡಿದ್ದಾರೆ, ಅದು ನನಗೆ ತುಂಬಾ ಹಿಡಿಸಿತು. ಜೇನು ಹಾಕಿದ ಒಂದು ಕರಿದ ಸಿಹಿತಿಂಡಿಗೂ ‘ಯಾಕ್‌ಗ್ವಾ’ ಅಂತ ಹೆಸರು. ಜೇನೂ ಇವರಿಗೆ ಔಷಧಿಯೇ.

ಮಾತ್ರೆ ಮಾರುವ ಅಂಗಡಿಯ ಬೋರ್ಡಿನಲ್ಲೂ ಅದೇ ‘ಯಾಕ್’ ಇದೆ, ಕೊರಿಯನ್ ಲಿಪಿಯಲ್ಲಿ. ಬೇರಿಗೊಂದು ಮಾತ್ರೆಗೊಂದು ಅಂತ ಜಗಳವಿಲ್ಲ. ಆ ಅಜ್ಜನಿಗೂ ಬಿಪಿ ಇದೆ. ಕಷಾಯ ಕುಡಿಯುತ್ತಾರೆ, ಆದರೆ ಡಾಕ್ಟರಿಗೆ ಹೇಳಿಯೇ ಕುಡಿಯುತ್ತಾರೆ. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಅಪ್ಪನೂ ಹಾಗೇ ಮಾಡಲಿ. ನಾಳೆಯೇ ಚಿಕ್ಕಪ್ಪನ ಜೊತೆ ಡಾಕ್ಟರ ಹತ್ತಿರ ಕಳಿಸು. ಕುಡಿಯುತ್ತಿರುವ ಬೇರನ್ನೂ ತೋರಿಸಲಿ. ಖರ್ಚು ನಾನು ನೋಡಿಕೊಳ್ಳುತ್ತೇನೆ, ದುಡ್ಡು ಧಾರಾಳವಾಗಿದೆ.

ನನ್ನ ಬಗ್ಗೆ ಯೋಚನೆಯೇ ಬೇಡ. ಚಳಿ ಏನೂ ಇಲ್ಲ, ನೆಲವೇ ಬೆಚ್ಚಗಿರುತ್ತದೆ. ದಿನಾ ಅನ್ನ ಸಾರು ಮಾಡಿಕೊಳ್ಳುತ್ತೇನೆ. ದಪ್ಪ ಆಗಿದ್ದೇನೆ, ನಿಜವಾಗಿ.

ಬಸ್ಸಿಗೆ ಹೊತ್ತಾಯಿತು. ಬಿಪಿ ಎಷ್ಟಿದೆ ಅಂತ ಪುಟ್ಟಿ ಕೈಲಿ ಮೆಸೇಜ್ ಮಾಡಿಸು, ಮರೀಬೇಡ.

ನಿನ್ನ ಮಗ